ಕಣ್ಣು ಕಾಣದ ಸಾಕ್ಷಿ

ಬುಲೆಟ್ ಗಾಡಿ ಅಂಗಳದಲ್ಲಿ ನಿಂತ ಸದ್ದಿಗೆ ಶೃತಿಯ ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿತು. ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿದಳು. ಹುರಿ ಮೀಸೆ, ನೆಟ್ಟನೆಯ ಬೆನ್ನು, ಕಂಕುಳಲ್ಲಿ ಚೀಲ. ಬಂದವನು ಮನೆಯ ತೊಲೆಗಳನ್ನೆಲ್ಲ ಒಮ್ಮೆ ನೋಡಿ ಪಡಸಾಲೆಯಲ್ಲಿ ಕುಳಿತ.

"ಹುಡುಗಿ ವಿಷಯ ಸ್ವಲ್ಪ ಕೇಳೂದಿತ್ರಿ, ಯವ್ವಾ."

ಶೃತಿಯ ಅಜ್ಜಿ ದೇವವ್ವ ಹಳೆ ಬಟ್ಟೆಗಳ ಕೌದಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. "ಕೇಳ್ರಿ. ಕಣ್ಣು ಮಂಜಾಗ್ಯಾವು. ಬಾಯಿ ನೆಟ್ಟಗೈತಿ."

ಶೃತಿ ಬಾಗಿಲಿಗೆ ಕಿವಿಯಿಟ್ಟಳು. ತಮ್ಮೂರು ಹರ್ತಿಯಿಂದ ದಿನಾ ಗದಗಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮುಗಿಸಿದ ಅವಳು, ಸೇನೆಯ ಅಧಿಕಾರಿ ತರಬೇತಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಪದವಿಯ ಓದು, ಊಟ, ವಸತಿ ಎಲ್ಲ ಸೇನೆಯದೇ. ಓದು ಮುಗಿದರೆ ಹೆಗಲ ಮೇಲೆ ನಕ್ಷತ್ರ. ಮದುವೆ ಮಾತ್ರ ಆಗಿರಬಾರದು. ಪರೀಕ್ಷೆ, ಸಂದರ್ಶನ, ವೈದ್ಯರ ತಪಾಸಣೆ ಎಲ್ಲವನ್ನೂ ದಾಟಿದ್ದಳು. ಉಳಿದದ್ದು ಒಂದೇ. ನಡತೆ, ಮನೆತನ ವಿಚಾರಿಸಲು ಒಬ್ಬರು ಮನೆಗೇ ಬರುತ್ತಾರೆ. ಯಾವಾಗ ಎಂದು ಹೇಳುವುದಿಲ್ಲ.

ತಂದೆ ಅಂದಪ್ಪನಿಗೆ ಇದು ಬೇಡವಾಗಿತ್ತು. ಅವನ ತಮ್ಮ ಮೌನೇಶ ಸೈನಿಕನಾಗಿ ಹೋಗಿ, ಹನ್ನೆರಡು ವರ್ಷಗಳ ಹಿಂದೆ ಬಾವುಟ ಹೊದ್ದ ಪೆಟ್ಟಿಗೆಯಲ್ಲಿ ಬಂದಿದ್ದ. ಒಂದು ಮನೆಯಿಂದ ಒಬ್ಬನನ್ನು ಕೊಟ್ಟದ್ದು ಸಾಕು ಎಂಬುದು ಅಂದಪ್ಪನ ಮಾತು. ತಾಯಿಯಿಲ್ಲದ ಮಗಳಿಗೆ ನೇರವಾಗಿ ಒಲ್ಲೆನೆನ್ನಲು ಮಾತ್ರ ಮನಸ್ಸಾಗಲಿಲ್ಲ. ಹಾಗಾಗಿ ಗುಟ್ಟಾಗಿ ದೇವವ್ವನಿಗೆ ಪಾಠ ಹೇಳಿದ್ದ. ಮಿಲಿಟರಿಯವರು ಬಂದರೆ ಹುಡುಗಿಯ ಹುಳುಕನ್ನೆಲ್ಲ ಎತ್ತಿ ಆಡಬೇಕು. ಮುಂಡರಗಿಯಲ್ಲಿ ಒಂದು ಸಂಬಂಧವನ್ನೂ ನೋಡಿಟ್ಟಿದ್ದ. ಅವರು ಅಮಾವಾಸ್ಯೆ ಕಳೆದು ಬರುವವರಿದ್ದರು. ಅವರ ಮುಂದೆ ಹೇಗೆ ಹೊಗಳಬೇಕೆಂಬುದನ್ನೂ ಬಾಯಿಪಾಠ ಮಾಡಿಸಿದ್ದ. ಮಗನನ್ನು ಕಳೆದುಕೊಂಡ ತಾಯಿ ತನ್ನ ಮಾತು ಮೀರಲಾರಳೆಂದು ಅವನ ನಂಬಿಕೆ. ಕೌದಿಯೂ ಮದುವೆಗೇ ಎಂದುಕೊಂಡಿದ್ದ.

ಬಂದವನು ಡೈರಿ ತೆಗೆದ. ಎತ್ತರ ಕೇಳಿದ. ಹಲ್ಲು, ಕಣ್ಣು ಕೇಳಿದ. ಮನೆತನದಲ್ಲಿ ರೋಗವೇನಾದರೂ ಇದೆಯೇ, ಮನೆ ಬಿಟ್ಟು ಇರಬಲ್ಲಳೇ, ದೊಡ್ಡವರ ಮಾತಿಗೆ ತಗ್ಗಿ ನಡೆಯುತ್ತಾಳೆಯೇ ಎಂದು ಒಂದೊಂದಾಗಿ ಕೇಳಿದ.

"ತಗ್ಗಿ ನಡಿಯೂದಾ?" ದೇವವ್ವ ದಾರ ಕಚ್ಚಿ ಹರಿದಳು. "ಎಂಟರ ತನಕ ಮಲಗತಾಳ. ಒಂದ್ ಮಾತ ಅಂದ್ರ ನಾಕ್ ಮಾತ ತಿರಗಿ ಅಂತಾಳ. ಹ್ವಾದ ವರ್ಷ ಬಸ್ಸಿನಾಗ ಒಬ್ಬಾಂವ ಮೈಗೆ ಕೈ ತಾಗಿಸಿದಾ ಅಂತ, ಅವನ ಮುಂದಿನ ಎರಡ ಹಲ್ಲ ಉದರಸ್ಯಾಳ."

ಪೆನ್ನು ನಿಂತಿತು. "ಖರೇನ?"

"ಹಲ್ಲ ಇನ್ನೂ ಮನ್ಯಾಗ ಅದಾವು. ತೋರಸ್ಲ್ಯಾ?"

ಅವನು ಡೈರಿ ಮುಚ್ಚಿದ. ಚಹಾ ಮುಟ್ಟದೆ ಎದ್ದು ಹೋದ.

ಶೃತಿ ಹೊರಗೆ ಬಂದಾಗ ಕಣ್ಣು ತುಂಬಿತ್ತು. ಅವಳು ನಸುಕಿನ ನಾಲ್ಕಕ್ಕೆ ಎದ್ದು ಓಡುವವಳು. ಅಜ್ಜಿ ಆಡಿದ್ದರಲ್ಲಿ ಹಲ್ಲಿನ ಮಾತೊಂದೇ ಖರೆ.

"ಆಯಿ, ಅವರ ಮುಂದ ಹಿಂಗ್ಯಾಕ ಅಂದಿ?"

"ಸೂಜಿಗೆ ದಾರ ಹಾಕಿ ಕೊಡವಾ. ಕಾಣವಲ್ದು."

ಶೃತಿ ಸಿಟ್ಟಿನಲ್ಲೇ ಪೋಣಿಸಿ ಕೊಟ್ಟಳು. ಸೂಜಿ ಹಿಡಿದ ಮುದುಕಿಯ ಎಡ ಹೆಬ್ಬೆರಳಲ್ಲಿ ನೀಲಿ ಕಲೆ ಇನ್ನೂ ಇತ್ತು. ಸೋಮವಾರ ತಂದೆ ಮಗಳಿಬ್ಬರೂ ಗದಗಿಗೆ ಹೋಗಿ ಬಂದು ಕೇಳಿದಾಗ, ಪಿಂಚಣಿಯ ಕಾಗದಕ್ಕೆ ಒತ್ತಿದ್ದು ಎಂದಿದ್ದಳು. ಮನೆಗೆ ಯಾರಾದರೂ ಬಂದಿದ್ದರೇ ಎಂದರೆ, ಮುದುಕಿಯನ್ನು ನೋಡಲು ಯಾರು ಬರುತ್ತಾರೆ ಎಂದು ನಕ್ಕಿದ್ದಳು.

ಸಂಜೆ ದೇವವ್ವ ವಿಭೂತಿ ಧರಿಸಿ, ಮೌನೇಶನ ಭಾವಚಿತ್ರದ ಪಕ್ಕದ ಶಿವನ ಮುಂದೆ ದೀಪ ಹಚ್ಚಿ, ಆಡಿದ ಸುಳ್ಳಿಗೆ ಕ್ಷಮೆ ಬೇಡಿದಳು. ಆ ವಾರದಲ್ಲಿ ಅದು ಎರಡನೆಯ ಸಲ.

ಮಿಲಿಟರಿಯವನು ಬಂದು ಹೋದ ಸುದ್ದಿ ಕೇಳಿ ಅಂದಪ್ಪ ಎರಡು ರೊಟ್ಟಿ ಹೆಚ್ಚು ಉಂಡ. ಶೃತಿ ಉಣ್ಣಲೇ ಇಲ್ಲ. ಮೂರು ದಿನ ಅಜ್ಜಿಯನ್ನು ಮಾತನಾಡಿಸಲಿಲ್ಲ.

ಶನಿವಾರ ಅವಳ ಮೊಬೈಲಿಗೆ ಸಂದೇಶ ಬಂತು. ಆಯ್ಕೆಯಾಗಿದ್ದಳು. ಮನೆಯ ವಿಚಾರಣೆಯ ವರದಿ ಚೆನ್ನಾಗಿ ಬಂದಿದೆ, ಜುಲೈಗೆ ಹಾಜರಾಗಬೇಕು ಎಂದಿತ್ತು. ಎಷ್ಟು ಸಲ ಓದಿದರೂ ಅವಳಿಗೆ ನಂಬಿಕೆಯಾಗಲಿಲ್ಲ. ಅಂದಪ್ಪ ಮೊಬೈಲು ತೆಗೆದುಕೊಂಡು ತಾನೂ ಓದಿದ. ಅಷ್ಟರಲ್ಲಿ ಅವನ ಫೋನೂ ಹೊಡೆದುಕೊಂಡಿತು.

ಮುಂಡರಗಿಯಿಂದ ವರನ ಸೋದರಮಾವ. ಅಮಾವಾಸ್ಯೆಗೆ ಕಾಯದೆ ಬುಧವಾರವೇ ತಾನೊಬ್ಬನೇ ಬಂದು ವಿಚಾರಿಸಿಕೊಂಡು ಹೋದದ್ದಾಗಿ, ಹಲ್ಲು ಉದುರಿಸುವ ಸೊಸೆ ತಮಗೆ ಬೇಡವೆಂದು ನಾಲ್ಕೇ ಮಾತಿನಲ್ಲಿ ಹೇಳಿ ಇಟ್ಟುಬಿಟ್ಟ.

ಅಂದಪ್ಪ ಫೋನನ್ನೇ ನೋಡುತ್ತ ನಿಂತ. "ಯವ್ವಾ, ಬುಧವಾರ ಬಂದಾಂವ ಮುಂಡರಗಿಯಾಂವ."

"ಹೌದೇನು? ನಾ ಮಿಲ್ಟ್ರಿಯಾಂವ ಅಂತ ಮಾಡಿದ್ದೆ."

"ಹಂಗಾರ ಮಿಲ್ಟ್ರಿಯವ್ರು?"

"ಸೋಮವಾರ ಒಬ್ರು ಬಂದಿದ್ರಪ್ಪಾ. ಅವರನ್ನ ಬೀಗರು ಅಂತ ತಿಳಕೊಂಡ್ನಿ. ನೀ ಕಲಿಸಿದ್ದು ಒಂದೂ ಬಿಡಲಿಲ್ಲ. ಹೇಳಿದ ಮಾತ ಮೀರಂಗಿಲ್ಲ, ತಿರಗಿ ಒಂದ್ ಮಾತ ಅನ್ನಂಗಿಲ್ಲ, ಎಲ್ಲಿ ಇಟ್ರ ಅಲ್ಲಿ ಹೊಂದಕೊಂಡ ಇರತಾಳ ಅಂದೆ. ಹೆಬ್ಬಟ್ಟ ಒತ್ತಸಕೊಂಡ, ಕೈ ಮುಗದ ಹ್ವಾದ್ರು."

"ಹೆಬ್ಬಟ್ಟ ಒತ್ತಸಕೊಳ್ಳೂ ಬೀಗರನ್ನ ಎಲ್ಲೆರ ನೋಡಿಯೇನಬೇ?"

"ಕಣ್ಣ ಕಾಣಂಗಿಲ್ಲಲ್ಲೋ ಅಂದಪ್ಪಾ. ಅದಲಬದಲ ಆತು."

ಅಂದಪ್ಪನಿಗೆ ಸಿಟ್ಟು ಬರಬೇಕಿತ್ತು. ಅವನ ದೃಷ್ಟಿ ಅವ್ವನ ತೊಡೆಯ ಮೇಲಿನ ಕೌದಿಗೆ ಬಿತ್ತು. ಅದರ ನಟ್ಟನಡುವೆ ಹಸಿರು ಬಟ್ಟೆಯ ತುಂಡೊಂದು ಕೂತಿತ್ತು. ಮೌನೇಶನ ಅಂಗಿಯದು.

"ಇದು ಮದುವಿಗಲ್ಲೇನಬೇ?" ಎಂದು ಮೆಲ್ಲಗೆ ಕೇಳಿದ.

"ಅಲ್ಲಿ ಥಂಡಿ ಭಾಳ ಅಂತ ಮೌನೇಶ ಹೇಳತಿದ್ದ," ಎಂದ ದೇವವ್ವ, ಹಸಿರು ದಾರವನ್ನು ಸಣ್ಣ ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಪೋಣಿಸಿದಳು.