ಬೂದಿ ಹಚ್ಚಿ ತಿಕ್ಕಿದ ಕೊಳವೆ

ಬಟ್ಟೆ ಒಣಹಾಕುವ ತಂತಿಗೆ ಜೋತುಬಿದ್ದಿದ್ದ ಮೂತ್ರ ಹೊರತೆಗೆಯುವ ತೆಳು ಕೊಳವೆಯೊಂದನ್ನು ನರ್ಸ್ ಶೈಲಶ್ರೀ ಎರಡು ಬೆರಳ ನಡುವೆ ಎಳೆದು ನೋಡಿದಳು. ಅದು ಜಾರಲಿಲ್ಲ, ಒರಟಾಗಿ ಚರ್ಮಕ್ಕೆ ತಾಗಿತು.

“ಹಂಪವ್ವ, ಇದನ್ನ ಏನ್ ಮಾಡೀರಿ?”

“ತೊಳದೀನ್ರಿ ಅಕ್ಕಾರ. ಪಾಕೀಟು ಒಡದ್ರ ಸಾಕು, ಕೈಗೆಲ್ಲಾ ಲೋಳಿ. ಅಂಥಾ ಹೊಲಸು ನಮ್ಮನಿಯವ್ರಿಗೆ ಹೆಂಗ ಹಾಕ್ಲಿ? ಬೂದಿ ಹಚ್ಚಿ, ತೆಂಗಿನ ನಾರು ತಗೊಂಡು ಛಲೋತ್ನಾಗ ತಿಕ್ಕೀನಿ.”

ಶೈಲಶ್ರೀಯ ದನಿ ಇಳಿಯಿತು. “ಅದು ಹೊಲಸಲ್ಲ ಯವ್ವಾ. ಒಳಗ ಗಾಯ ಆಗದಂಗ ಜಾರ್ಲಿ, ರೋಗದ ಕ್ರಿಮಿ ಅಂಟಬಾರ್ದು ಅಂತ ಹಚ್ಚಿರೋ ಲೇಪ. ಅದನ್ನ ತಿಕ್ಕಿ ತಗದೀರಿ. ಈಗ ಈ ಗೀರಿನ್ಯಾಗೆಲ್ಲಾ ಕ್ರಿಮಿ ಮನಿ ಮಾಡ್ತಾವ. ಎಷ್ಟ್ ದಿನ ಆತು?”

ಹಂಪವ್ವ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ಟ್ರ್ಯಾಕ್ಟರಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಗಂಡ ಪಕ್ಕೀರಪ್ಪನಿಗೆ ನಾಲ್ಕು ದಿನಗಳಿಂದ, ದಿನಕ್ಕೆ ಐದು ಸಲ, ಇವೇ ಕೊಳವೆಗಳನ್ನು ಇದೇ ಕೈಯಿಂದ ಹಾಕಿದ್ದಳು.

ಮಟಮಟ ಮಧ್ಯಾಹ್ನ. ಅಂಗಳದ ಕಲ್ಲು ಅಂಗಾಲು ಸುಡುತ್ತಿತ್ತು. ಒಳಗೆ ಹಲ್ಲು ಕಟಕಟಿಸುವ ಸದ್ದಾಯಿತು.

“ಹಂಪವ್ವಾ,” ಪಕ್ಕೀರಪ್ಪ ನಡುಗುತ್ತ ಕರೆದ, “ಇನ್ನೊಂದು ಕೌದಿ ಹೊಚ್ಚು ಬಾ. ಭಾಳ ಥಂಡಿ ಐತಿ.”