ಟಾಕಿಯ ಮೇಲಿನ ಗೀರು

ರಾಯಚೂರಿನ ಮನೆಯಲ್ಲಿ ನನ್ನ ಸ್ಕೂಟರಿನ ಗೀರಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕುವಾಗ, ಆ ಪುದೀನ ವಾಸನೆ ನನ್ನನ್ನು ಮಾನ್ವಿ ಕಡೆಯ ನಮ್ಮೂರ ಅಂಗಳಕ್ಕೆ ಒಯ್ಯುತ್ತದೆ.

ಮಾಸ್ತರನಾಗಿದ್ದ ಅಪ್ಪ ಆಗಷ್ಟೇ ಕೆಂಪು ಬೈಕ್ ತಂದಿದ್ದ. ನಮ್ಮ ಕೇರಿಯವರು ಗಾಡಿ ಮೇಲೆ ಕೂತು ಹೋಗುವಂತಿರದ ಗೌಡರ ಓಣಿ ಬಂದರೆ ನನ್ನನ್ನೂ ಇಳಿಸಿ, ಬೈಕನ್ನು ತಳ್ಳಿಕೊಂಡೇ ದಾಟುತ್ತಿದ್ದ. ಒಂದು ಸಂಜೆ ಒಬ್ಬನೇ ಬರುವಾಗ ಇಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಪೆಟ್ರೋಲ್ ಟಾಕಿಯ ಮೇಲೆ ಯಾರೋ ಮೊಳೆಯಿಂದ ಗೀರಿದ್ದರು.

ಮಧ್ಯಾಹ್ನ ಅಪ್ಪ ಅವ್ವನ ಹಳೇ ಸೀರೆಯ ತುಂಡಿಗೆ ಪೇಸ್ಟ್ ಹಚ್ಚಿ ಮೆಲ್ಲಗೆ ತಿಕ್ಕಿದ. ಗೀರು ಮಾಸಿ, ಬಣ್ಣದೊಳಗೆ ನನ್ನ ಮುಖ ಕಂಡಿತು.

“ಮತ್ತ ಗೀರತಾರ್ರೀ,” ಅಂದಳು ಅವ್ವ.

“ಪೇಸ್ಟ್ ಇನ್ನೂ ಅದ,” ಅಂದ ಅಪ್ಪ.

ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಗೌಡರ ಓಣಿ ಬಂದಾಗ ನಾನು ರೂಢಿಯಂತೆ ಇಳಿಯಲು ಅವನ ಹೆಗಲು ಹಿಡಿದೆ.

ಬೈಕ್ ನಿಲ್ಲಿಸದೆಯೇ ಅಪ್ಪ ಅಂದ, “ಕುಂದ್ರು, ಯವ್ವಾ.”