ಭಾರವಾದ ಎಲೆಗಳು

"ಅಣ್ಣಾ, ಮತ್ತೆ ಸ್ಕ್ರೀನು ಕಪ್ಪಾಯ್ತು!"

ತಂಗಿ ಕೋಣೆಯಿಂದ ಕೂಗಿದಾಗ ಅಣ್ಣ ಊಟದ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ. "ಆ ಮರ ಬಂದ ತಕ್ಷಣ ತಾನೇ? ಎಲೆ ಕಡಿಮೆ ಮಾಡೇ. ಅಷ್ಟು ದೊಡ್ಡ ಮರ ಹೊರೋಕೆ ನಮ್ಮ ಕಂಪ್ಯೂಟರಿಗೆ ಶಕ್ತಿ ಬೇಡ್ವಾ?"

"ಈಗಾಗ್ಲೇ ಅರ್ಧ ತೆಗೆದಿದ್ದೀನಿ ಕಣೋ."

"ಇನ್ನರ್ಧಾನೂ ತೆಗಿ. ಸಂಜೆಯೊಳಗೆ ಕಳಿಸ್ಬೇಕೋ ಬೇಡ್ವೋ?"

ಕಂಪ್ಯೂಟರಿನ ವಿಷಯದಲ್ಲಿ ಆ ಮನೆಗೆ ಅವನು ಹೇಳಿದ್ದೇ ವೇದವಾಕ್ಯ. ಅವಳು ಉಳಿದ ಎಲೆಗಳನ್ನೂ ಕಿತ್ತಳು. ಅವಳ ಪುಟ್ಟ ಅನಿಮೇಷನ್ ಚಿತ್ರ ಕಣ್ಣಾಮುಚ್ಚಾಲೆಯದು: ತಂಗಿ ಮರ ಹತ್ತಿ ಎಲೆಗಳ ನಡುವೆ ಅವಿತುಕೊಳ್ಳುತ್ತಾಳೆ, ಅಣ್ಣ ಅದೇ ಮರದ ಕೆಳಗೆ ಹುಡುಕಿ ಹುಡುಕಿ ಕೊನೆಗೆ ಅಳುತ್ತಾನೆ. ಸ್ಪರ್ಧೆಯಲ್ಲಿ ಗೆದ್ದರೆ ಸ್ಟುಡಿಯೋದಲ್ಲಿ ಕೆಲಸ. ಪುಣ್ಯಾತ್ಗಿತ್ತಿ, ಒಂದೊಂದು ಎಲೆಯನ್ನೂ ಕೈಯಾರೆ ಬರೆದಿದ್ದಳು.

ಸಂಜೆ ಚಿತ್ರ ಸ್ಪರ್ಧೆಗೆ ಹೋಯಿತು. ಅಮ್ಮ ಕಾಲು ಚಾಚಿ ಕೂತು, "ಅಂತೂ ಆ ಡಬ್ಬದ ಗೊರಗೊರ ನಿಲ್ಲಿಸಿದೆಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ. ವಾರದಿಂದ ಮಧ್ಯಾಹ್ನ ಒಂದಿಷ್ಟು ಕಣ್ಣು ಹತ್ತುತ್ತಿದೆ" ಎಂದಳು.

ಅಣ್ಣನಿಗೆ ಆಗಲೇ ನೆನಪಾದದ್ದು.

ಹೋದ ವಾರ ಅಮ್ಮ ಕಂಪ್ಯೂಟರಿನ ಫ್ಯಾನಿನ ಸದ್ದಿಗೆ ಗೊಣಗಿದ್ದಕ್ಕೆ, ಸ್ಕ್ರೀನಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ವೋಲ್ಟೇಜನ್ನು ಅವನೇ ಸಾಫ್ಟ್‌ವೇರಿನಲ್ಲಿ ತಗ್ಗಿಸಿದ್ದ. ಕಾರ್ಡಿನ ಬಿಸಿ ಇಳಿಯಿತು, ಫ್ಯಾನು ತೆಪ್ಪಗಾಯಿತು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಇನ್ನೊಂಚೂರು, ಇನ್ನೊಂಚೂರು ಎಂದು ಇಳಿಸುತ್ತಲೇ ಹೋದ. ತನ್ನ ಗೇಮೊಂದನ್ನು ಆಡಿ ನೋಡಿದ; ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡಿತು. ಕಂಪ್ಯೂಟರ್ ಶುರುವಾದಾಗಲೆಲ್ಲ ಇದೇ ಇರಲಿ ಎಂದು ಟಿಕ್ ಹಾಕಿ ಎದ್ದುಬಂದ. ತಂಗಿಯ ಕೆಲಸವನ್ನೂ ಒಮ್ಮೆ ಓಡಿಸಿ ನೋಡೋಣವೆಂದಾಗಲಿ, ಅವಳಿಗೊಂದು ಮಾತು ಹೇಳೋಣವೆಂದಾಗಲಿ ಆ ಜಾಣನಿಗೆ ಹೊಳೆಯಲೇ ಇಲ್ಲ.

ಓಡಿಹೋಗಿ ವೋಲ್ಟೇಜನ್ನು ಮೊದಲಿನಂತೆ ಮಾಡಿದ. ಎಲೆ ಕೀಳುವ ಮುಂಚಿನ ಫೈಲು ತೆರೆದು ಓಡಿಸಿದ. ಫ್ಯಾನು ಗೊರಗೊರ ಎನ್ನತೊಡಗಿತು. ಮರ ಬಂತು, ಎಲೆ ತುಂಬಿದ ಮರ. ಸ್ಕ್ರೀನು ಕಪ್ಪಾಗಲಿಲ್ಲ.

ಸದ್ದು ಕೇಳಿ ತಂಗಿ ಬಂದು ಬಾಗಿಲಲ್ಲಿ ನಿಂತಳು.

"ತಪ್ಪು ನಿನ್ನ ಮರದ್ದಲ್ಲ ಕಣೇ, ನಂದು. ನಾನೇ ವೋಲ್ಟೇಜ್ ಇಳಿಸಿದ್ದೆ, ಅಷ್ಟು ಎಲೆಗೆ ಅದು ಸಾಲ್ತಿರ್ಲಿಲ್ಲ," ಎಂದ. "ಸ್ಪರ್ಧೆಯವರನ್ನ ಕೇಳ್ಲಾ? ಇದನ್ನ ಕಳಿಸೋಣ್ವಾ?"

"ಒಂದ್ಸಲ ಕಳಿಸಿದ್ಮೇಲೆ ಮುಗೀತು. ಬದಲಾಯಿಸೋ ಹಾಗಿಲ್ಲ."

ಅವಳು ಬಾಯಿಗೆ ಬಂದಂತೆ ಬೈದಿದ್ದರೂ ಅವನಿಗೆ ಹಾಯೆನಿಸುತ್ತಿತ್ತು. ಬೈಯಲಿಲ್ಲ. ಹತ್ತಿರ ಬಂದು ಸ್ಕ್ರೀನು ನೋಡುತ್ತಾ ನಿಂತಳು.

"ಇದ್ರಲ್ಲಿ ನಾನೆಲ್ಲಿದ್ದೀನಿ ಹೇಳು, ನೋಡೋಣ."

ಅವನು ಬಗ್ಗಿ ಹುಡುಕಿದ. ಎಲ್ಲಿ ನೋಡಿದರೂ ಎಲೆ.

"ಕಳಿಸಿದ್ರಲ್ಲಿ ಹುಡುಕೋದೇ ಬೇಡ," ಎಂದಳು. "ಬೋಳು ಕೊಂಬೆ ಮೇಲೆ, ಯಾರಿಗೂ ಕಾಣಿಸ್ತಿಲ್ಲ ಅಂದ್ಕೊಂಡು ಕೂತಿದ್ದೀನಿ."